ಊಟಕ್ಕೆ ಕರೆಯುವ ಮನೆ

ಚಾಪೆಗಳನ್ನು ಹಾಸಿಡುವುದೋ ಸುತ್ತಿಡುವುದೋ ಎಂಬುದು ಸೌಮ್ಯಶ್ರೀಗೆ ಬೆಳಿಗ್ಗೆಯಿಂದ ಬಗೆಹರಿದಿರಲಿಲ್ಲ. ಹಾಸಿಟ್ಟರೆ ಮಲಗುವವರಿಲ್ಲದ ಚಾಪೆಗಳು ಕಣ್ಣಿಗೆ ರಾಚುತ್ತವೆ. ಸುತ್ತಿಟ್ಟರೆ ತಯಾರಿಯೇ ಇಲ್ಲ ಎಂದಾಗುತ್ತದೆ. ಶಾಲೆಯ ಉದ್ದ ಕೋಣೆಯಲ್ಲಿ ಅರ್ಧ ಹಾಸಿ, ಅರ್ಧ ಸುತ್ತಿ, ಬಾಗಿಲಲ್ಲಿ ನಿಂತು ನೋಡಿದಳು. ಯಾರೋ ಈಗಷ್ಟೇ ಎದ್ದು ಚಾ ಕುಡಿಯಲು ಹೋದ ಹಾಗೆ ಕಾಣುತ್ತಿತ್ತು. ಇದೇ ವಾಸಿ ಎನಿಸಿತು. ಹಾಗೆನಿಸಿದ್ದಕ್ಕೆ ಮರುಗಳಿಗೆಗೇ ನಾಚಿಕೆಯಾಗಿ, ಒಂದು ಚಾಪೆಯನ್ನು ಕಾಲಿನಿಂದಲೇ ಮತ್ತೆ ಸುತ್ತಿದಳು. ಗೇಟಿಗೆ ಕಟ್ಟಿದ ಬ್ಯಾನರು ಮಳೆಗೆ ನೆನೆದು ನಡುವೆ ಜೋತುಬಿದ್ದಿತ್ತು. ಅದರಲ್ಲಿ ಕಾಳಜಿ ಕೇಂದ್ರ ಎಂದು ದೊಡ್ಡದಾಗಿ, ಕೆಳಗೆ ಅವಳ ಸಂಸ್ಥೆಯ ಹೆಸರು, ಅದರ ಕೆಳಗೆ ಹಣ ಕೊಡುವ ಮುಂಬೈ ಕಂಪನಿಯ ಗುರುತು. ಊರವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಗಂಜಿ ಕೇಂದ್ರವೇ. ಸರಕಾರ ಹೆಸರು ಬದಲಾಯಿಸಿ ವರ್ಷಗಳಾದವು, ಆದರೆ ಹೆಸರು ಬದಲಾದರೆ ಗಂಜಿ ಬೇರೆಯಾಗುತ್ತದೆಯೇ? ಅಡುಗೆಗೆ ಬಂದ ಹೆಂಗಸರು ಒಲೆ ಹೊತ್ತಿಸಿ, ಯಾರಿಗೆ ಬೇಯಿಸುವುದು ಎಂದು ಒಮ್ಮೆ ಕೇಳಿದ್ದರು. ಆಮೇಲೆ ಮತ್ತೆ ಕೇಳಲಿಲ್ಲ, ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡು ನಗುತ್ತಿದ್ದರು. ತನ್ನನ್ನು ನೋಡಿಯೇ ನಗುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ಹಾಗೇನೂ ಇರಲಿಕ್ಕಿಲ್ಲ.

ನೆರೆ ಬಂದದ್ದೇನೂ ಸುಳ್ಳಲ್ಲ. ಸೌಪರ್ಣಿಕೆ ಮೊನ್ನೆಯಿಂದ ಕೆಂಪಾಗಿ ಹರಿಯುತ್ತಿತ್ತು. ಹೊಳೆಯ ನಡುವಿನ ತಗ್ಗು ನಡುಗಡ್ಡೆ ಕುದ್ರಿಗೆ ಹೋಗುವ ಕಾಲುಸಂಕ ರಾತ್ರಿಯೇ ಮುಳುಗಿತ್ತು. ಅದಕ್ಕೂ ಮೊದಲೇ ಕುದ್ರಿನ ಮನೆಗಳವರು ಬೈಕಿನಲ್ಲಿ, ರಿಕ್ಷಾದಲ್ಲಿ, ತಂಗಿಯ ಮನೆ ವಂಡ್ಸೆ, ಮಾವನ ಮನೆ ಸಿದ್ದಾಪುರ ಎಂದು ಹೊರಟುಹೋಗಿದ್ದರು. ಎಲ್ಲ ಹೋದದ್ದು ಈ ಶಾಲೆಯ ಎದುರಿನ ರಸ್ತೆಯಲ್ಲೇ. ಅವಳು ಗೇಟಿನಲ್ಲಿ ನಿಂತು ಕೈ ಎತ್ತಿದಳು. ಅವರೂ ಎತ್ತಿದರು, ಮದುವೆಗೆ ಹೊರಟವರ ಹಾಗೆ ನಕ್ಕರು, ಮುಂದೆ ಹೋದರು. ಇಲ್ಲಿಯ ಜನ ನೆರೆಗೆ ಹೆದರುವುದಕ್ಕಿಂತ ಹೆಚ್ಚು ಗಂಜಿ ಕೇಂದ್ರದಲ್ಲಿ ಕೂತದ್ದನ್ನು ಯಾರಾದರೂ ಕಂಡಾರು ಎಂದು ಹೆದರುತ್ತಾರೆ, ಇದು ಅವಳಿಗೆ ಗೊತ್ತಿಲ್ಲದ್ದೇ? ಅವಳೂ ಇದೇ ಊರಿನವಳು. ಗೊತ್ತಿದ್ದೂ ಕಂಪನಿಗೆ ಬರೆದುಕೊಟ್ಟ ಯೋಜನೆಯಲ್ಲಿ ಕೋಣೆ ತುಂಬ ಜನ ಎಂದು ಬರೆದವಳೂ ಅವಳೇ. ಅದಾದರೂ ಹೋಗಲಿ. ಬೆಳಿಗ್ಗೆ ದೋಣಿಯ ರತನ್ ಬಂದು ಹೇಳಿದ ಮಾತು ಅದಕ್ಕಿಂತ ದೊಡ್ಡದು. ರತನ್ ಮರವಂತೆಯವನು, ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಸಂಸ್ಥೆಯ ರಬ್ಬರ್ ದೋಣಿ ನಡೆಸುತ್ತಾನೆ. "ಮುತ್ತಕ್ಕನ ಮನಿ ಮಾಡಿಂದ ಹೊಗೆ ಬತ್ತಿತ್ತ್ ಮೇಡಂ. ಅವ್ರ್ ಎಲ್ಲೂ ಹೋಯ್ಲಿಲ್ಲೆ," ಎಂದಿದ್ದ.

ಮುತ್ತು, ಅವಳ ಗಂಡ ಗುಡ್ಡ. ಕುದ್ರಿನ ತುದಿಯ ಮಣ್ಣು ಗೋಡೆಯ ಮನೆ. ತೆಂಗಿನ ಮರದಿಂದ ಬಿದ್ದ ಮೇಲೆ ಗುಡ್ಡನಿಗೆ ಸೊಂಟದ ಕೆಳಗೆ ಬಲವಿಲ್ಲ, ಮಂಚವೇ ಗತಿ. ನೆರೆಹೊರೆಯವರು ಹೊರಡುವಾಗ ಕೇಳಿದರಂತೆ. ನಾವು ಪ್ರತಿ ಸಲದ ಹಾಗೆ ಮೇಲ್ಮನೆಗೆ ಹೋಗುತ್ತೇವೆ, ನೀವು ಹೋಗಿ ಎಂದಳಂತೆ ಮುತ್ತು. ಅವರು ನಂಬಿ ಹೋದರು. ಮೇಲ್ಮನೆ ಎಂದರೆ ಹೊಳೆಯ ಈಚೆಯ ದಿಬ್ಬದ ಮೇಲಿರುವ, ಸೌಮ್ಯಶ್ರೀ ಹುಟ್ಟಿ ಬೆಳೆದ ಮನೆ. ಅಲ್ಲಿ ಅವಳ ಅಮ್ಮ ಗುಲಾಬಿ, ಅಣ್ಣ, ಅತ್ತಿಗೆ ಅಕ್ಷಯಾ ಇದ್ದಾರೆ. ಆದರೆ ಮುತ್ತು ಮೇಲ್ಮನೆಗೂ ಹೋಗಿಲ್ಲ, ಶಾಲೆಗೂ ಬಂದಿಲ್ಲ. ಸೌಮ್ಯಶ್ರೀ ರತನ್‌ನನ್ನು ಕಳಿಸಿದ್ದಳು. ಅವನು ಒಬ್ಬನೇ ವಾಪಸು ಬಂದು, ಗುಡ್ಡ ಗೋಡೆಯ ಕಡೆ ಮುಖ ಮಾಡಿ ಮಲಗಿದ, ಮುತ್ತಕ್ಕ ಚಾ ಕೊಟ್ಟು ಕಳಿಸಿದಳು ಎಂದ. ಮಧ್ಯಾಹ್ನದ ಮೇಲೆ ಕಡಲು ಉಬ್ಬುತ್ತದೆ. ಹೊಳೆಯ ನೀರನ್ನು ಕಡಲು ಒಳಗೆ ಬಿಟ್ಟುಕೊಳ್ಳದ ಹೊತ್ತು ಅದು. ಆಗ ನೀರು ಮಂಚಕ್ಕೆ ಬರುತ್ತದೆ, ಗೋಡೆ ನಿಲ್ಲುವುದಿಲ್ಲ. ಗ್ರಾಮ ಲೆಕ್ಕಿಗರಿಗೆ ಫೋನು ಮಾಡಿದರೆ, ಇಲಾಖೆಯ ದೋಣಿ ಬೈಂದೂರು ಕಡೆ ಇದೆ, ನಿಮ್ಮದೇ ದೋಣಿ ಉಂಟಲ್ಲ ಮೇಡಂ, ಸ್ವಲ್ಪ ನೋಡಿಕೊಳ್ಳಿ ಎಂದರು. ನೋಡಿಕೊಳ್ಳಬೇಕಾದವಳು ಇಲ್ಲಿ ಚಾಪೆ ಸುತ್ತುತ್ತಾ ನಿಂತಿದ್ದಾಳೆ. ತಾನೇ ಯಾಕೆ ಹೋಗಲಿಲ್ಲ? ಮುಂಬೈಯವರು ಬರುವವರಿದ್ದರು, ಕೇಂದ್ರ ಬಿಟ್ಟು ಹೋಗುವ ಹಾಗಿರಲಿಲ್ಲ. ಇದು ಸಬೂಬು ಎಂದು ಅವಳಿಗೇ ಗೊತ್ತಿತ್ತು. ಮುತ್ತುವಿನ ಮುಖ ನೋಡುವ ಧೈರ್ಯ ಅವಳಲ್ಲಿ ಇರಲಿಲ್ಲ.

ಪಂಚಾಯತ್ ಸಭಾಭವನದಲ್ಲಿ ಬೇಸಗೆಯಲ್ಲಿ ನಡೆದ ಆ ಸಭೆಯ ದಿನ ಮೈಕು ಕೂಡ ಸರಿಯಾಗಿ ಕೆಲಸ ಮಾಡಿತ್ತು. ಇಲ್ಲದಿದ್ದರೆ ಈ ಊರಿನ ಮೈಕುಗಳು ಮುಖ್ಯವಾದ ಮಾತಿಗೆ ಯಾವಾಗಲೂ ಕೈಕೊಡುತ್ತವೆ. ಕುದ್ರಿನವರೆಲ್ಲ ಬಂದಿದ್ದರು, ಉಪ್ಪಿಟ್ಟು ಚಾ ಇತ್ತು, ಗೋಡೆಯ ಮೇಲೆ ನಕಾಶೆ ಇತ್ತು. ಅವಳು ಮಾತಾಡುತ್ತಾ ಮಾತಾಡುತ್ತಾ ಬಿಸಿಯಾದಳು. ಇನ್ನು ಮೇಲೆ ನೆರೆ ಬಂದರೆ ಯಾರ ಮನೆಯ ಹಂಗೂ ಬೇಡ, ಯಾರ ಜಗಲಿಯ ಮೂಲೆಯಲ್ಲೂ ಮುದುಡಿ ಕೂರಬೇಕಾಗಿಲ್ಲ, ಕೇಂದ್ರ ನಿಮ್ಮ ಹಕ್ಕು ಎಂದಳು. ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಲ್ಲಿ ಅಮ್ಮ ಕೂತಿದ್ದಳು, ಮಗಳು ಮಾತಾಡುತ್ತಾಳೆಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅಮ್ಮನೂ ಚಪ್ಪಾಳೆ ತಟ್ಟಿದಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ತಡವನ್ನು ಸೌಮ್ಯಶ್ರೀ ಅವತ್ತೇ ಕಂಡಿದ್ದಳು, ಕಂಡೂ ಮುಂದಿನ ಮಾತಿಗೆ ಹೋಗಿದ್ದಳು. ಹೇಳಿದ್ದು ಸುಳ್ಳೇ? ಈಗಲೂ ಅವಳಿಗೆ ಹಾಗನಿಸುವುದಿಲ್ಲ. ಸಣ್ಣವಳಿದ್ದಾಗ ನೆರೆ ಎಂದರೆ ಹಬ್ಬ. ಕುದ್ರಿನ ಮಕ್ಕಳೆಲ್ಲ ಮನೆಗೆ ಬರುತ್ತಿದ್ದರು, ಮುತ್ತುವಿನ ಮಗಳ ಜೊತೆ ದನದ ಹಟ್ಟಿಯ ಹಿಂದೆ ಆಟವೇ ಆಟ. ಊಟದ ಹೊತ್ತಿಗೆ ಮಾತ್ರ ಅವರಿಗೆ ಹೊರಜಗಲಿಯಲ್ಲಿ ಎಲೆ, ತನಗೆ ಒಳಗೆ. ಒಮ್ಮೆ ತನ್ನ ತಟ್ಟೆ ಹಿಡಿದು ಹೊರಗೆ ಓಡಿ ಮುತ್ತುವಿನ ಮಗಳ ಪಕ್ಕ ಕೂತಾಗ ಅಜ್ಜಿ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಎಳೆದಿದ್ದಳು. ಆ ಕೈಯ ಬಿಗಿ ಎಷ್ಟೋ ವರ್ಷ ರಟ್ಟೆಯಲ್ಲೇ ಇತ್ತು. ಕಾಲೇಜಿಗೆ ಹೋದ ಮೇಲೆ ಮುತ್ತು ಎಂದು ಕರೆಯುವುದನ್ನು ಬಿಟ್ಟು ಮುತ್ತಕ್ಕ ಎಂದಳು. ಮುತ್ತುವಿಗೆ ಅದರಿಂದ ಕಸಿವಿಸಿಯಾದದ್ದಷ್ಟೇ ಲಾಭ, ಅವಳ ಬಾಯಲ್ಲಿ ಸೌಮ್ಯಶ್ರೀ ಇವತ್ತಿಗೂ ಸಣ್ಣಮ್ಮನೇ. ಮೈಕಿನ ಎದುರು ಅವತ್ತು ಮಾತಾಡಿದ್ದು ಆ ರಟ್ಟೆಯೇ. ಆದರೆ ಕುದ್ರಿನವರು ಕೇಳಿಸಿಕೊಂಡದ್ದು ಬೇರೆ. ಮೇಲ್ಮನೆಯ ಮಗಳೇ ಎಲ್ಲರ ಎದುರು ಹೇಳಿದಳು, ಇನ್ನು ನಮ್ಮ ಮನೆಗೆ ಬರಬೇಡಿ ಎಂದು. ಹಾಗೆ ಕೇಳಿಸಬಹುದು ಎಂದು ತನಗೆ ಹೊಳೆಯಲಿಲ್ಲವಲ್ಲ. ಇದೇ ಮಣ್ಣಿನಲ್ಲಿ ಬೆಳೆದವಳಿಗೆ ಹೊಳೆಯಲಿಲ್ಲ. ಕಲಿತದ್ದು ಹೆಚ್ಚಾಯಿತೋ ಏನೋ.

ನಿರ್ದೇಶಕರು ಯೋಗೀಶ್ ಸರ್ ಕುಂದಾಪುರದ ಕಚೇರಿಯಿಂದ ಫೋನು ಮಾಡಿ, ಜನ ಬಂದರಾ ಎಂದು ಕೇಳಿದರು. ಇಲ್ಲ ಸರ್ ಎಂದಳು. ಹಾಗಾದರೆ ಹೆದ್ದಾರಿ ಕೆಲಸದವರು ಶೆಡ್ಡಿನಲ್ಲಿ ಇದ್ದಾರಲ್ಲ, ಅವರಿಗೂ ಮಳೆಯೇ ಅಲ್ಲವೇ, ಊಟಕ್ಕೆ ಕರೆದರೆ ತಪ್ಪೇನು ಎಂದರು. ಅವರು ಕೆಟ್ಟವರಲ್ಲ. ಕಂಪನಿ ಕೈಬಿಟ್ಟರೆ ದೋಣಿಯೂ ಇಲ್ಲ, ರತನ್‌ಗೂ ಕೆಲಸವಿಲ್ಲ, ಅವಳಿಗೂ ಇಲ್ಲ ಎಂಬುದನ್ನು ಬಾಯಿ ಬಿಟ್ಟು ಹೇಳದಷ್ಟು ಮರ್ಯಾದೆ ಅವರಿಗಿದೆ. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇತ್ತೀಚೆಗೆ ಸಿಟ್ಟು ಬರುವ ಜಾಗದಲ್ಲೆಲ್ಲ ಅವಳಿಗೆ ನಿದ್ದೆ ಬರುತ್ತದೆ. ನೋಡುತ್ತೇನೆ ಸರ್ ಎಂದು ಫೋನಿಟ್ಟಳು. ಶೆಡ್ಡಿಗೆ ಹೋಗಲಿಲ್ಲ, ಕೊಡೆ ಬಿಚ್ಚಿ ದಿಬ್ಬ ಹತ್ತಿ ಅಮ್ಮನ ಮನೆಗೆ ಹೋದಳು.

ಕರೆಯುವ ಪದ್ಧತಿ ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಹೊಳೆ ಏರಿತೆಂದರೆ ಮೇಲ್ಮನೆಯ ಹಿರಿ ಹೆಂಗಸು ಗದ್ದೆಯ ಅಂಚಿಗೆ ಹೋಗಿ ನಿಂತು ಕುದ್ರಿನ ಕಡೆ ಮುಖ ಮಾಡಿ ಕೂಗಬೇಕು. ನೆರೆ ಎಂಬ ಮಾತು ಬಾಯಲ್ಲಿ ಬರಕೂಡದು. ನೀರು ಬಂತು, ಓಡಿ ಬನ್ನಿ ಎನ್ನುವ ಹಾಗಿಲ್ಲ. ಒಂದೊಂದೇ ಮನೆಯ ಹೆಂಗಸಿನ ಹೆಸರು ಹಿಡಿದು, ಅನ್ನ ಆಗಿದೆ, ಊಟಕ್ಕೆ ಬನ್ನಿ ಎನ್ನಬೇಕು. ಅಜ್ಜಿಯ ಗಂಟಲು ಹೊಳೆ ದಾಟಿ ಆಚೆ ದಡಕ್ಕೂ ಕೇಳುತ್ತಿತ್ತು. ಕುದ್ರಿನವರು ಆಮೇಲೆಯೇ ಹೊರಡುತ್ತಿದ್ದರು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ, ಒಂದು ಕುಂಬಳಕಾಯಿಯೋ ಎರಡು ತೆಂಗಿನಕಾಯಿಯೋ ಇರುತ್ತಿತ್ತು. ಊಟಕ್ಕೆ ಬಂದವರು ಮಳೆ ಹೆಚ್ಚೆಂದು ಉಳಿದುಕೊಂಡರು, ಅಷ್ಟೇ. ನಾಲ್ಕು ದಿನ ಉಳಿದರೂ ಅಷ್ಟೇ. ಹೊರಜಗಲಿಯ ಎಲೆ, ಅಜ್ಜಿಯ ಕೈಯ ಬಿಗಿ, ಈ ಕರೆ, ಎಲ್ಲ ಒಂದೇ ಮನೆಯದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹೇಗೆ ಎಂದು ಅವಳಿಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಅತ್ತಿಗೆ ಅಕ್ಷಯಾ ಇವಳನ್ನು ಕಂಡು, ಬಟ್ಟೆ ಬದಲಾಯಿಸು ಎಂದು ಟವೆಲು ತಂದುಕೊಟ್ಟು, ಏನೋ ಇದೆ ಎಂದು ಅರ್ಥವಾಗಿ ಒಳಗೆ ಹೋದಳು. ಮುತ್ತು ಇನ್ನೂ ಕುದ್ರಿನಲ್ಲೇ ಇದ್ದಾಳೆ ಎಂದು ಸೌಮ್ಯಶ್ರೀ ಹೇಳಿದಳು. ಅಮ್ಮನಿಗೆ ಗೊತ್ತಿತ್ತು. ಹಿತ್ತಲಲ್ಲಿ ನಿಂತರೆ ಆ ಹೊಗೆ ಕಾಣುತ್ತದೆ. ಬೆಳಿಗ್ಗೆಯಿಂದ ಎಷ್ಟು ಸಲ ನಿಂತಳೋ, ಸೀರೆಯ ಅಂಚು ಮೊಳಕಾಲಿನವರೆಗೂ ಒದ್ದೆಯಾಗಿತ್ತು. ಒಮ್ಮೆ ಕರೆ ಅಮ್ಮ ಎಂದಳು. ಅಮ್ಮ ತಲೆ ಎತ್ತಲಿಲ್ಲ.

"ನಾ ಕರೂದಿಲ್ಲೆ," ಎಂದಳು. "ಯಾರ್ ಮನಿ ಹಂಗೂ ಬ್ಯಾಡ ಅಂದೇಳಿ ಮೈಕ್ ಹಿಡ್ಕಂಡ್ ನೀನೇ ಹೇಳಿದ್ಯಲೆ. ಈಗ್ ನಾ ಕರ್ದ್, ಅವ್ರ್ ಬರ್ದೇ ಇದ್ರೆ ನನ್ ಮುಖ ಎಲ್ಲಿಡುದ್?"

ಇಷ್ಟನ್ನೂ ಅಮ್ಮ ಸಿಟ್ಟಿಲ್ಲದೆ ಹೇಳಿದಳು, ಅಕ್ಕಿ ಮುಗಿದಿದೆ ಎಂದು ಹೇಳುವ ದನಿಯಲ್ಲಿ. ಸೌಮ್ಯಶ್ರೀ ಏನೇನೋ ಹೇಳಿದಳು. ಗೋಡೆ ಮಣ್ಣಿನದು ಎಂದಳು, ಗುಡ್ಡನಿಗೆ ಎದ್ದು ನಿಲ್ಲಲೂ ಆಗದು ಎಂದಳು, ತಾನು ಹೇಳಿದ್ದರ ಅರ್ಥ ಅದಲ್ಲ ಎಂದಳು. ಅರ್ಥ ಎಂಬ ಶಬ್ದ ಬಾಯಿಂದ ಹೊರಟಾಗ ಅದು ಎಷ್ಟು ಪುಕ್ಕಲು ಶಬ್ದ ಎಂದು ಅವಳಿಗೇ ಅನಿಸಿತು. ಅಮ್ಮ ಕೇಳಿಸಿಕೊಂಡಳು. ಕೊನೆಗೆ, ನಿನ್ನ ಶಾಲೆಯಲ್ಲಿ ಏನು ಅಡುಗೆ ಎಂದು ಕೇಳಿದಳು. ಅನ್ನ, ಸಾರು, ಮೊಟ್ಟೆ ಎಂದಳು ಸೌಮ್ಯಶ್ರೀ. ಒಳ್ಳೆದಾಯಿತು ಎಂದು ಅಮ್ಮ ಬೀಜದ ಬುಟ್ಟಿ ಎತ್ತಿಕೊಂಡು ಎದ್ದಳು. ಹೊರಡುವಾಗ ನೋಡಿದರೆ ಒಲೆಯ ಮೇಲೆ ದೊಡ್ಡ ಚೆರಿಗೆ ಇತ್ತು, ಮನೆಯವರಷ್ಟೇ ಉಣ್ಣುವ ಅನ್ನಕ್ಕೆ ಅದನ್ನು ಯಾರೂ ಅಟ್ಟದಿಂದ ಇಳಿಸುವುದಿಲ್ಲ. ಅಮ್ಮನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಅಕ್ಕಿ ಹಾಕಿ ಕೂತವಳಿಗೆ ಒಂದು ಕೂಗು ಹಾಕಲು ಏನು ಕಷ್ಟ? ಆದರೆ ಆ ಗಂಟಲು ಕಟ್ಟಿದವಳು ತಾನಲ್ಲವೇ. ಆಗಲೇ ಫೋನು ಬಡಿದುಕೊಂಡಿತು. ಮುಂಬೈಯವರ ಕಾರು ಮರವಂತೆ ದಾಟಿತ್ತು.

ಬಂದವಳು ದಿವ್ಯಾ ಎಂಬ ಹುಡುಗಿ. ಹುಡುಗಿ ಎಂದರೆ ಸೌಮ್ಯಶ್ರೀಗಿಂತ ಹತ್ತು ಹನ್ನೆರಡು ವರ್ಷ ಸಣ್ಣವಳು. ಆದರೆ ಮೇಡಂ ಅನ್ನಬೇಕು, ಮುಂದಿನ ವರ್ಷ ದೋಣಿ ಇರಬೇಕೋ ಬೇಡವೋ ಎಂದು ಬರೆಯುವವಳು ಅವಳು. ಹುಟ್ಟಿದ್ದು ಬೆಳೆದದ್ದು ಅಂಧೇರಿಯಲ್ಲಿ, ಅಜ್ಜ ಅಲ್ಲಿ ಹೋಟೆಲು ಇಟ್ಟಿದ್ದರಂತೆ, ಅಜ್ಜಿ ವಂಡ್ಸೆಯವರಂತೆ. ಕಾರಿಳಿದವಳೇ, ಎಂತ ಮಳೆ ಮಾರಾಯ್ರೆ ಎಂದು ಅಜ್ಜಿಯಿಂದ ಕಲಿತ ಕನ್ನಡದಲ್ಲಿ ನಕ್ಕಳು. ಒಳ್ಳೆಯ ಹುಡುಗಿಯೇ. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅರ್ಧ ಹಾಸಿದ ಚಾಪೆಗಳನ್ನೂ ಮೂಲೆಯಲ್ಲಿ ಪೇರಿಸಿದ ಬಕೆಟುಗಳನ್ನೂ ಆರುತ್ತಿರುವ ಅನ್ನವನ್ನೂ ನೋಡಿದಳು. ಜನ ಎಲ್ಲಿ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ಅವಮಾನವಾಯಿತು. ಸೌಮ್ಯಶ್ರೀ ತಾನಾಗಿಯೇ, ಬರುತ್ತಾ ಇದ್ದಾರೆ ಎಂದಳು. ಅಡುಗೆಯವರಲ್ಲಿ ಒಬ್ಬಳು ಕೆಮ್ಮಿದಳು. ಗೋಡೆಯ ಮೇಲೆ ಮಕ್ಕಳು ಬರೆದ ಸೌರಮಂಡಲದ ಚಿತ್ರವನ್ನು ದಿವ್ಯಾ ಬಹಳ ಹೊತ್ತು ನೋಡಿದಳು. ಆಮೇಲೆ, ಸುಳ್ಳು ಹೇಳಿದ್ದು ತಿಳಿದೂ ತಿಳಿಯದವಳ ಹಾಗೆ, ದೋಣಿಯಲ್ಲಿ ಹೋಗಿ ನೋಡಬಹುದೇ ಎಂದು ಕೇಳಿದಳು. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಒಂದು ರೀತಿಯಲ್ಲಿ ಹಗುರವೂ ಆಯಿತು. ಎಲ್ಲರೂ ಸಂಸ್ಥೆಯ ಲೈಫ್ ಜಾಕೆಟ್ಟು ತೊಟ್ಟರು, ರತನ್ ಎಂಜಿನಿನ ಹಗ್ಗ ಎಳೆದ.

ಮುಳುಗಿದ ಗದ್ದೆಯ ಮೇಲೆ ದೋಣಿ ಹೋಗುವಾಗ ಕೆಳಗೆ ನಾಟಿಯ ಹಸಿರು ಕಾಣುತ್ತಿತ್ತು. ಆ ಗದ್ದೆಯ ಅಂಚಿನಲ್ಲೇ ಅಜ್ಜಿ ನಿಂತು ಕೂಗುತ್ತಿದ್ದದ್ದು. ದಿವ್ಯಾ ಏನೋ ಕೇಳುತ್ತಿದ್ದಳು, ಇವಳು ಹೂಂಗುಟ್ಟುತ್ತಿದ್ದಳು. ಮುತ್ತುವಿನ ಅಂಗಳದ ತುಳಸಿಕಟ್ಟೆಯ ತುದಿಯಷ್ಟೇ ಮೇಲಿತ್ತು. ನೀರು ಬಾಗಿಲು ದಾಟಿ ಒಳಗೆ ಹೋಗಿತ್ತು. ರತನ್ ದೋಣಿಯನ್ನು ಬಾಗಿಲಿಗೆ ತಾಗಿಸಿ ಹಿಡಿದ. ಸೌಮ್ಯಶ್ರೀ ಇಳಿದಳು. ಮೊಳಕಾಲಿಗಿಂತ ಮೇಲೆ ನೀರು, ತಣ್ಣಗೆ, ಕಾಲ ಕೆಳಗೆ ನೆಲ ಹದವಾದ ಹಿಟ್ಟಿನ ಹಾಗೆ ಕುಸಿಯುತ್ತಿತ್ತು. ಕೆಂಪು ಕಲ್ಲು ಪೇರಿಸಿ ಅದರ ಮೇಲೆ ಮಂಚ, ಮಂಚದ ಮೇಲೆ ಗುಡ್ಡ. ಮುತ್ತು ಒಂದು ಬೆಂಚಿನ ಮೇಲೆ ಒಲೆಯಿಟ್ಟು ಏನೋ ಬೇಯಿಸುತ್ತಿದ್ದಳು. ಮಾಡಿನ ಪಕಾಸಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದ ಸೌತೆಕಾಯಿಗಳು ಸಾಲಾಗಿ ತೂಗುತ್ತಿದ್ದವು, ಮಳೆಗಾಲಕ್ಕೆಂದು ಇಟ್ಟವು.

"ಬನ್ನಿ ಸಣ್ಣಮ್ಮ," ಎಂದಳು ಮುತ್ತು. "ಕೂಕಣಿ ಅಂಬುಕೆ ಜಾಗವೇ ಇಲ್ಲೆ ಕಾಣಿ."

ಕೂರಿಸಲು ಜಾಗವಿಲ್ಲವಲ್ಲ ಎಂಬ ಆ ಉಪಚಾರದ ಎದುರು ಸೌಮ್ಯಶ್ರೀಗೆ ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. ಕಡಲು ಉಬ್ಬುತ್ತದೆ, ಶಾಲೆಗೆ ಹೋಗೋಣ, ಮಂಚವಿದೆ, ಗುಡ್ಡಣ್ಣನಿಗೆ ಬೇರೆ ಕೋಣೆ ಮಾಡಿಸುತ್ತೇನೆ, ಯಾರೂ ನೋಡುವುದಿಲ್ಲ ಎಂದಳು. ಯಾರೂ ನೋಡುವುದಿಲ್ಲ ಎನ್ನುವಾಗ ಬೆನ್ನ ಹಿಂದೆ ದೋಣಿಯಲ್ಲಿ ದಿವ್ಯಾ ಫೋನು ಎತ್ತಿ ಹಿಡಿದದ್ದು ಗೊತ್ತಾಯಿತು. ಗುಡ್ಡ ಗೋಡೆಯ ಕಡೆ ಹೊರಳಿದ. ಮುತ್ತು ಒಲೆಯ ಕೊಳ್ಳಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಳು.

"ಶಾಲಿಗ್ ಹೋಪುದ್ ದಿಕ್ಕಿಲ್ದವ್ರ್, ಸಣ್ಣಮ್ಮ," ಎಂದಳು. "ನಮ್ಗ್ ಒಂದ್ ಮನಿ ಇತ್ತ್ ಅಂದೇಳಿ ಇಷ್ಟ್ ವರ್ಷ ಧೈರ್ಯ ಇದ್ದಿತ್."

ದೂರಿನ ದನಿಯಲ್ಲ ಅದು. ದೂರಿದ್ದರೆ ಏನಾದರೂ ಹೇಳಿಕೊಳ್ಳಬಹುದಿತ್ತು. ತಪ್ಪಾಯಿತು ಮುತ್ತಕ್ಕ, ಮನೆಗೇ ಬನ್ನಿ, ನಾನೇ ಕರೆಯುತ್ತಿದ್ದೇನೆ ಎಂದಳು. ಮುತ್ತುವಿಗೆ ನಗು ಬಂದಂತಾಯಿತು, ತಡೆದುಕೊಂಡಳು. ನೀವು ಕರೆದರೆ ಆಗುತ್ತದೆಯೇ, ನೀವು ಕುಂದಾಪುರದಲ್ಲಿ ಇರುವವರು ಎಂದಳು. ಅದು ನಿಜ. ಸೌಮ್ಯಶ್ರೀಗೆ ಆ ಮನೆಯಲ್ಲಿ ಹುಟ್ಟಿದ ಹಕ್ಕು ಉಂಟು, ಪಾಲು ಕೂಡ ಉಂಟು, ಕರೆಯುವ ಗಂಟಲು ಮಾತ್ರ ಇಲ್ಲ. ಎತ್ತಿಕೊಂಡು ಹೋಗುವುದೇ ಮೇಡಂ ಎಂಬಂತೆ ರತನ್ ಬಾಗಿಲಿಂದ ನೋಡಿದ. ಮಂಚದ ಕಾಲನ್ನು ಹಿಡಿದಿದ್ದ ಗುಡ್ಡನ ಕೈ ಬಿಗಿಯಾಯಿತು. ಹಗ್ಗ ಕಟ್ಟಿ ದನವನ್ನು ಸಾಗಿಸಿದ ಹಾಗೆ ಈ ಮನುಷ್ಯನನ್ನು ದೋಣಿಗೆ ಹಾಕಬಹುದು, ಆಮೇಲೆ ಅವನು ಯಾವ ಚಾಪೆಯ ಮೇಲೆ ಮಲಗಿದರೂ ಬದುಕಿದ್ದಾನೆ ಎಂದು ಬರೆದು ಕಳಿಸಬಹುದು. ಬೇಡ ಎಂದು ತಲೆಯಾಡಿಸಿ ಅವಳು ಫೋನು ತೆಗೆದಳು. ಅಮ್ಮನಿಗೆ ಫೋನು ಮಾಡಿ ಸ್ಪೀಕರ್ ಒತ್ತಿದಳು.

ಅಮ್ಮ ಎತ್ತಿ, ಎಂತ ಎಂದಳು. ಮುತ್ತಕ್ಕನ ಮನೆಯಲ್ಲಿ ಇದ್ದೇನೆ, ಅವಳೂ ಕೇಳುತ್ತಿದ್ದಾಳೆ ಎಂದು ಸೌಮ್ಯಶ್ರೀ ಹೇಳಿದಳು. ಆ ಕಡೆ ಅಮ್ಮನ ಉಸಿರು, ಹಿಂದೆ ಎಲ್ಲೋ ಟಿ.ವಿ. ಮುತ್ತು ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು, ಅಮ್ಮ ಎದುರಿಗೇ ಬಂದ ಹಾಗೆ. ಇಬ್ಬರ ನಡುವೆ ಫೋನು ಹಿಡಿದು ನಿಂತ ತನ್ನ ಕೈ ಮಾತ್ರ ಸೌಮ್ಯಶ್ರೀಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದಿನ ಕೋಣೆಯ ಗೋಡೆಯಿಂದ ಒಂದು ಹೆಂಟೆ ಮಣ್ಣು ಕಳಚಿ ನೀರಿಗೆ ಬಿತ್ತು. ಅದೇನು ಶಬ್ದ ಎಂದಳು ಅಮ್ಮ. ಗೋಡೆ ಎಂದಳು ಸೌಮ್ಯಶ್ರೀ.

"ಮುತ್ತು," ಎಂದಿತು ಫೋನು. "ಎಂತ ಮಾಡ್ತಿದ್ದೆ? ಅನ್ನ ಆರಿ ಹೋತ್ತ್. ಗುಡ್ಡನ್ ಕರ್ಕಂಡ್ ಬಾ, ಹೊತ್ತಾಯ್ತ್."

"ಬಂದೆ ಅಮ್ಮ," ಎಂದಳು ಮುತ್ತು.

ಅಷ್ಟೇ. ಆಮೇಲೆ ಎಲ್ಲ ಬೇಗ ಬೇಗ ಆಯಿತು. ಒಲೆಗೆ ನೀರು ಚಿಮುಕಿಸಿದಳು, ಪ್ಲಾಸ್ಟಿಕ್ಕಿನ ಚೀಲ ಮೊದಲೇ ಕಟ್ಟಿಟ್ಟಿತ್ತು, ಗುಡ್ಡ ತಾನಾಗಿಯೇ ರತನ್‌ನ ಕುತ್ತಿಗೆಗೆ ಕೈ ಹಾಕಿದ. ಹೊರಡುವ ಮುಂಚೆ ಮುತ್ತು ಬೆಂಚು ಹತ್ತಿ, ತೂಗುತ್ತಿದ್ದ ಸೌತೆಕಾಯಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ದೊಡ್ಡದೊಂದನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. ದೋಣಿ ಗದ್ದೆಯ ಮೇಲೆ ಬರುತ್ತಿರುವಾಗ ಹಿಂದೆ ದೊಪ್ಪನೆ ದೊಡ್ಡ ಶಬ್ದವಾಯಿತು. ಮುತ್ತು ತಿರುಗಿ ನೋಡಲಿಲ್ಲ, ಗುಡ್ಡನ ತಲೆಯ ಮೇಲೆ ಟವೆಲನ್ನು ಸರಿಮಾಡಿದಳು. ಫೋನಿನಲ್ಲಿ ಅವರು ಏನು ಹೇಳಿದ್ದು ಎಂದು ದಿವ್ಯಾ ಮೆಲ್ಲಗೆ ಕೇಳಿದಳು. ಊಟಕ್ಕೆ ಕರೆದರು ಎಂದಳು ಸೌಮ್ಯಶ್ರೀ. ಅಷ್ಟೇಯಾ ಎಂದಳು. ಅಷ್ಟೇ ಎಂದಳು. ದಿವ್ಯಾಳ ಕಣ್ಣು ಒದ್ದೆಯಾಗಿತ್ತು, ಮಳೆಯೂ ಇತ್ತು, ಯಾವುದೆಂದು ಹೇಳಲು ಬರುವಂತಿರಲಿಲ್ಲ.

ಮೇಲ್ಮನೆಯ ಅಂಗಳದಲ್ಲಿ ಅಮ್ಮ ಕೊಡೆ ಹಿಡಿದು ನಿಂತಿದ್ದಳು. ಯಾಕೆ ತಡ ಎಂದು ಬೈದಳು, ಸೌತೆಕಾಯಿಯನ್ನು ಕೈಯಲ್ಲಿ ತೂಗಿ ನೋಡಿ ಒಳ್ಳೆ ಬಲಿತಿದೆ ಎಂದಳು. ಹೊರಜಗಲಿಯಲ್ಲಿ ಮೊದಲೇ ಹಾಸಿದ್ದ ಹಾಸಿಗೆಯ ಮೇಲೆ ಗುಡ್ಡನನ್ನು ಮಲಗಿಸಿದರು. ಅದೇ ಹೊರಜಗಲಿ. ಈಗ ಎಲೆಯ ಬದಲು ಸ್ಟೀಲಿನ ತಟ್ಟೆ, ಒಳಗಿನವರದೇ ತಟ್ಟೆ, ಅಷ್ಟು ಮಾತ್ರ ಬದಲಾದದ್ದು. ನೆರೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸೌಮ್ಯಶ್ರೀಗೆ ಬಿಕ್ಕಿ ಅಳುವಷ್ಟು ಸಮಾಧಾನವಾಗಿತ್ತು. ಎಲ್ಲಾದರೂ ಕೂತರೆ ಸಾಕಾಗಿತ್ತು. ದಿವ್ಯಾ ಅವಳನ್ನು ಅಂಗಳದ ಬದಿಗೆ ಕರೆದುಕೊಂಡು ಹೋಗಿ, ನಾವು ಹುಡುಕುತ್ತಿದ್ದದ್ದೇ ಇದು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕೇಂದ್ರ ಖಾಲಿ ಇದ್ದರೆ ಇರಲಿ. ಹೊಳೆಯ ಉದ್ದಕ್ಕೂ ಇಂಥ ಮನೆಗಳನ್ನು ಗುರುತಿಸೋಣ, ಮುಂದಿನ ವರ್ಷದ ಯೋಜನೆ ಇದರ ಮೇಲೆಯೇ ಮಾಡೋಣ, ಅಕ್ಕಿ ಕೊಡೋಣ, ಮನೆಯವರಿಗೆ ಒಂದು ದಿನದ ತರಬೇತಿ, ಗೇಟಿಗೆ ಒಂದು ಸಣ್ಣ ಬೋರ್ಡು. ಎರಡು ಪುಟ ಬರೆದು ಕಳಿಸುತ್ತೀರಾ? ಹುಡುಗಿ ಮನಸ್ಸಿನಿಂದಲೇ ಹೇಳುತ್ತಿದ್ದಳು. ಬೇಡ ಎನ್ನಬೇಕು ಎಂದು ಸೌಮ್ಯಶ್ರೀಗೆ ಸ್ಪಷ್ಟವಾಗಿ ಗೊತ್ತಿತ್ತು. ಬೋರ್ಡು ಹಾಕಿದ ಮನೆಗೆ ಮುತ್ತು ಬರುವುದಿಲ್ಲ, ತರಬೇತಿ ಪಡೆದ ಅಮ್ಮ ಕರೆಯುವುದಿಲ್ಲ. ಅದನ್ನು ಹೇಳಲು ಎಷ್ಟು ಮಾತು ಬೇಕು, ಆ ಮಾತು ಮುಗಿಯುವಷ್ಟರಲ್ಲಿ ದೋಣಿ ಇರುತ್ತದೆಯೇ, ರತನ್ ಇರುತ್ತಾನೆಯೇ ಎಂದೆಲ್ಲ ಯೋಚಿಸುವುದಕ್ಕೂ ತ್ರಾಣವಿರಲಿಲ್ಲ. ಆಯಿತು ಮೇಡಂ, ಕಳಿಸುತ್ತೇನೆ ಎಂದಳು. ದಿವ್ಯಾ ಅವಳ ಕೈ ಒತ್ತಿ, ಅಮ್ಮನಿಗೆ ನಮಸ್ಕಾರ ಮಾಡಿ, ಕೊಡೆ ಹಿಡಿದು ಕಾರಿನ ಕಡೆ ಹೋದಳು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಬೋರ್ಡು ಎಂಬ ಮಾತು ಕನ್ನಡದಲ್ಲೂ ಬೋರ್ಡೇ, ಎಲ್ಲರಿಗೂ ಅರ್ಥವಾಗುತ್ತದೆ. ಅಮ್ಮ ಮಗಳನ್ನು ಒಂದು ಗಳಿಗೆ ನೋಡಿ, ಒಳಗೆ ಹೋದಳು.

ಸೌಮ್ಯಶ್ರೀ ಜಾಕೆಟ್ಟು ಬಿಚ್ಚಲಿಲ್ಲ. ಹೊರಜಗಲಿಯ ತುದಿಗೆ ಬಂದು, ಗುಡ್ಡನ ಕಾಲ ಬುಡದಲ್ಲಿ ಗೋಡೆಗೆ ಒರಗಿ ಕೂತಳು. ಊಟ ಮಾಡುತ್ತಿದ್ದ ಮುತ್ತು ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು. ಕೂತುಕೋ ಮುತ್ತಕ್ಕ, ಊಟ ಮಾಡು ಎಂದಳು. ಹೂಂ ಸಣ್ಣಮ್ಮ ಎಂದಳು ಮುತ್ತು, ನಿಂತೇ ಇದ್ದಳು. ಒಳಗಿಂದ ಅಮ್ಮನ ದನಿ ಬಂತು.

"ಮುತ್ತು, ಆಫೀಸಿನವ್ರಿಗೆ ಚಾ ಬೇಕಾ ಕೇಣ್."

ಜಗಲಿಯಲ್ಲಿ ಆಫೀಸಿನವರೆಂದು ಇದ್ದದ್ದು ಸೌಮ್ಯಶ್ರೀ ಒಬ್ಬಳೇ. ಮುತ್ತು ತಲೆ ತಗ್ಗಿಸಿದಳು. ಅವಳಿಗೆ ನಾಚಿಕೆಯಾದದ್ದು ಸೌಮ್ಯಶ್ರೀಗೆ ಕಾಣಿಸಿತು, ತನ್ನ ಪರವಾಗಿ ಇವಳು ನಾಚಿಕೊಳ್ಳುತ್ತಿದ್ದಾಳೆ ಎಂದೂ ತಿಳಿಯಿತು. ತಟ್ಟೆಯ ಅನ್ನದಿಂದ ಹಬೆ ಏಳುತ್ತಿತ್ತು. "ಚಾ ಕುಡಿತ್ರಾ ಕೇಂಡ್ರ್," ಎಂದಳು ಮುತ್ತು, ಕೇಳಿಯೂ ಕೇಳದಷ್ಟು ಮೆಲ್ಲಗೆ. ಬೇಡ ಎಂದಳು ಸೌಮ್ಯಶ್ರೀ. ಇನ್ನೂ ಒಂದು ಗಳಿಗೆ ಕೂತಿದ್ದಳು, ಒಳಗಿಂದ ಇನ್ನೊಂದು ಮಾತು ಬರಬಹುದೆಂದು. ಬರಲಿಲ್ಲ. ಮುತ್ತು ನಿಂತೇ ಇದ್ದಳು, ಅನ್ನ ಆರುತ್ತಿತ್ತು. ಸೌಮ್ಯಶ್ರೀ ಗೋಡೆಗೆ ಕೈಕೊಟ್ಟು ಎದ್ದು ಅಂಗಳಕ್ಕೆ ಇಳಿದಳು. ಆಗ ಮುತ್ತು ಕೂತು ಉಣ್ಣತೊಡಗಿದಳು.